ಹೆಚ್ಚು ಜನರ ಸುಖಕ್ಕೊಂದು ಬಾವಿ

ನಿಜಾಮರ ಕಾಲದಲ್ಲಿ ಲಿಂಗಸುಗೂರಿಗೆ ಒಬ್ಬ ತಹಶೀಲ್ದಾರರು ಬಂದಿದ್ದರು. ಹೈದರಾಬಾದಿನಲ್ಲಿ ಯಾವನೋ ಬಿಳಿಯ ಪಂಡಿತನ ವಿಚಾರ ಓದಿ ತಲೆಗೇರಿಸಿಕೊಂಡಿದ್ದರು. ಸರ್ಕಾರದ ಕೆಲಸ ಒಂದೇ, ಹೆಚ್ಚು ಜನಕ್ಕೆ ಹೆಚ್ಚು ಸುಖ ಕೊಡುವುದು. ಹಕ್ಕು ಗಿಕ್ಕು ಎಲ್ಲ ಬರೀ ಮಾತು ಎನ್ನುತ್ತಿದ್ದರು. ಈ ವಿಚಾರವನ್ನು ಮಾಡಿ ನೋಡಲು ಅವರಿಗೆ ಸಿಕ್ಕಿದ್ದು ಮಸ್ಕಿ ಕಡೆಯ ನಮ್ಮೂರು.

ಸರ್ಕಾರದಿಂದ ಊರಿಗೆ ಒಂದು ಹೊಸ ಬಾವಿ ಮಂಜೂರಾಗಿತ್ತು. ಊರೊಳಗೆ ಆಗಲೇ ಮೂರು ಬಾವಿಗಳಿದ್ದವು. ನಮ್ಮ ಕೇರಿಗೆ ಒಂದೂ ಇರಲಿಲ್ಲ, ಊರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ, ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬುತ್ತಿದ್ದೆವು. ನಾನು ಆಗ ಏಳು ತಿಂಗಳ ಬಸುರಿ. ಕೊಡ ಹೊತ್ತು ದಡ ಹತ್ತುವಾಗ ಕಣ್ಣು ಕತ್ತಲಿಡುತ್ತಿತ್ತು. ಬಾವಿ ಕೇರಿಗೇ ಬರಲಿ ಎಂದು ಕಂಡಕಂಡ ದೇವರಿಗೆಲ್ಲ ಬೇಡಿಕೊಂಡಿದ್ದೆ.

ಚಾವಡಿಯಲ್ಲಿ ಸಭೆ ಸೇರಿತು. ತಹಶೀಲ್ದಾರ ಸಾಹೇಬರು ಉರ್ದುವಿನಲ್ಲಿ ಹೇಳಿದ್ದನ್ನು ಊರ ಲೆಕ್ಕ ಬರೆಯುವ ಪಟವಾರಿ ಕನ್ನಡದಲ್ಲಿ ಕೂಗಿದ.

"ಗೌಡ್ರ ಸುಖಕ್ಕೂ ಒಂದ ತೂಕ, ಕೇರ್ಯಾನವನ ಸುಖಕ್ಕೂ ಒಂದ ತೂಕ ಅಂತಾರ ಸಾಹೇಬ್ರು! ಬಾವಿ ತಮ್ಮ ಕಡೆ ಬೇಕನ್ನೋರು ಕೈ ಎತ್ರಿ!"

ಅಯ್ಯೋ, ಎಂಥ ಚಂದದ ಮಾತು! ನನಗೆ ಅಳುವೇ ಬಂತು.

ಮೊದಲು ಊರವರ ಸರದಿ. ಎಲ್ಲರ ಕೈಗಳೂ ಮೇಲೆದ್ದವು; ಮನೆ ಮುಂದೆಯೇ ಬಾವಿಯಿದ್ದವನು ಎರಡೂ ಎತ್ತಿದ್ದ. ಆಮೇಲೆ ನಮ್ಮವರ ಸರದಿ. ಚಾವಡಿಯ ಹೊರಗೆ, ಬಿಸಿಲಲ್ಲಿ, ನಮ್ಮ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು. ದೊಡ್ಡವರ ಮುಂದೆ ಹಾಗೆಯೇ ನಿಲ್ಲಬೇಕು. ಕಟ್ಟಿದ ಕೈ ಬಿಚ್ಚಿದರೆ ಹೊಡೆಯಲು ಬಂದಂತೆ ಎಂದು ಅಪ್ಪ ಅಜ್ಜಂದಿರು ಕಲಿಸಿದ್ದರು. ಪಟವಾರಿ ಮತ್ತೆ ಕೂಗಿದ. ಇವರು ಗೌಡರ ಮುಖ ನೋಡಿ ಕೈಯನ್ನು ಇನ್ನೂ ಬಿಗಿಯಾಗಿ ಕಟ್ಟಿ ತಲೆ ತಗ್ಗಿಸಿದರು. ನನ್ನ ಗಂಡನೂ ಅಷ್ಟೇ, ಪುಣ್ಯಾತ್ಮ.

ಒಂದು ಕೈಯೂ ಏಳಲಿಲ್ಲ. ಸಾಹೇಬರಿಗೆ ಬಹಳ ಸಂತೋಷವಾಯಿತು. ಕೇರಿಯವರು ಇದ್ದುದರಲ್ಲೇ ಸುಖವಾಗಿದ್ದಾರೆ ಎಂದು ಬರೆಸಿದರು.

ನೀರು ಹೊರುವವರು ನಾವು ಹೆಂಗಸರು. ಕೊಡ ಹಿಡಿದು ಹಿಂದೆ ನಿಂತಿದ್ದ ನಮ್ಮನ್ನು ಯಾರೂ ಕೇಳಿರಲಿಲ್ಲ. ನನ್ನ ಅತ್ತೆಗೆ ತಡೆಯಲಾಗಲಿಲ್ಲ. ಕೊಡ ಕೆಳಗಿಟ್ಟು ಎರಡೂ ಕೈ ಎತ್ತಿ ಒದರಿದಳು:

"ಯಪ್ಪಾ ಸಾಹೇಬ, ನೀರು ಹೊರಾಕಿ ನಾ ಅದೀನಿ! ಈ ಗಂಡಸರ್ನೇನು ಕೇಳ್ತಿರಿ? ನನ್ನ ಸೊಸಿ ಹೊಟ್ಟಿ ನೋಡ್ರಿ!"

ಸಾಹೇಬರು ಪಟವಾರಿಯ ಕಡೆ ತಿರುಗಿದರು. ಮುದುಕಿ ತಮಗೆ ದುವಾ ಮಾಡುತ್ತಿದ್ದಾಳೆ, ಒಳ್ಳೆಯದಾಗಲೆಂದು ಹರಸುತ್ತಿದ್ದಾಳೆ ಎಂದು ಆ ಭಾಡ್ಯಾ ಉರ್ದುವಿನಲ್ಲಿ ಹೇಳಿದ. ಸಾಹೇಬರು ಅತ್ತೆಗೆ ತಿರುಗಿ ಸಲಾಂ ಮಾಡಿ ಕುದುರೆ ಹತ್ತಿದರು.

ಬಾವಿ ಊರೊಳಗೇ ಆಯಿತು. ನೀರು ಸವಳಾದ್ದರಿಂದ ಊರವರು ಬಾಯಿಗೂ ಹಾಕಲಿಲ್ಲ, ಎಮ್ಮೆಗಳಿಗೆ ಬಿಟ್ಟರು. ಸವಳಾದರೇನು, ನಾವು ತಗೊಳ್ತೀವಿ ಎಂದು ಅತ್ತೆ ಗೌಡರನ್ನು ಕೇಳಿ ನೋಡಿದಳು.

"ಎಮ್ಮಿ ಕುಡಿಯೂ ನೀರದು, ಮೈಲಿಗಿ ಮಾಡ್ತೀರೇನು?" ಎಂದರು.