ಅಕ್ಕನಾಗಮ್ಮ ತುಂಬಿದ ಉಡಿ

ಅಕ್ಕನಾಗಮ್ಮನ ಬಾಯಿಗೆ ಹೊಸಪೇಟೆಯ ಅರ್ಧ ಮಾರುಕಟ್ಟೆ ಹೆದರುತ್ತದೆ. ಉಳಿದರ್ಧ ಇನ್ನೂ ಆಕೆಯ ಕೈಗೆ ಸಿಕ್ಕಿಲ್ಲ, ಅಷ್ಟೇ. ಚೋರನೂರಿನಿಂದ ಮದುವೆಯಾಗಿ ಬಂದವಳು, ಗಂಡ ಜಡೆಪ್ಪನ ಅಕ್ಕಿ ಗಿರಣಿಯಲ್ಲಿ ಕೂತು ಯಂತ್ರದ ಸದ್ದನ್ನು ಮೀರಿ ಮಾತಾಡುವುದನ್ನು ಕಲಿತಳು. ಈಗ ಗಿರಣಿ ನಿಂತಿದ್ದರೂ ಆಕೆ ಅದೇ ದನಿಯಲ್ಲಿ ಮಾತಾಡುತ್ತಾಳೆ.

ಮಲಪನಗುಡಿಯ ಕಡೆ ಒಂದು ಸಣ್ಣ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ದುಡಿಯುತ್ತಿದ್ದವರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಅದರಲ್ಲೂ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ವಿರುಪಮ್ಮ ತನ್ನೆರಡು ಮಕ್ಕಳಿಗೆ ಬರೀ ಗಂಜಿ ಕಾಸುತ್ತಿದ್ದಾಳೆಂಬ ಸುದ್ದಿ ಕೇಳಿ ಅಕ್ಕನಾಗಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದಳು. ಆ ಮನೆಗಳಿಗೆ ಅಕ್ಕಿ ಮುಟ್ಟಿಸಲೇಬೇಕೆಂದು ಹಟ ಹಿಡಿದಳು.

ಮೊದಲು ಜಡೆಪ್ಪ ತನ್ನ ಬುದ್ಧಿ ಓಡಿಸಿದ. ತನ್ನ ಫೋಟೊ ಹಾಕಿಸಿ ಫ್ಲೆಕ್ಸ್ ಕಟ್ಟಿದ. ಆಟೊಗೆ ಮೈಕು ಕಟ್ಟಿಸಿ ‘ಬಡವರಿಗೆ ಉಚಿತ ಅಕ್ಕಿ’ ಎಂದು ಕೂಗಿಸಿದ. ಒಬ್ಬರೂ ಬರಲಿಲ್ಲ. ಬರುವುದಾದರೂ ಹೇಗೆ? ನಿನ್ನೆಯವರೆಗೆ ದುಡಿದು ಉಂಡವರು ಇವನ ಫೋಟೊದ ಮುಂದೆ ಕೈಯೊಡ್ಡಬೇಕೇ?

“ನಿಮ್ಮ ಫ್ಲೆಕ್ಸ್ ಬಿಚ್ರಿ ಮದ್ಲು,” ಎಂದಳು ಅಕ್ಕನಾಗಮ್ಮ. “ಶ್ರಾವಣ ಬಂದೈತಿ. ಎಲ್ಲಾರ್ಗೂ ಉಡಿ ತುಂಬೋಣು. ಉಡಿ ಬ್ಯಾಡ ಅನ್ನಾಕ ಯಾವ ಹೆಣ್ಮಗಳಿಗೂ ಬಾಯಿ ಬರಂಗಿಲ್ಲ.”

ಮಾತು ನಿಜವೇ. ಸೆರಗೊಡ್ಡಿದವಳಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಬಟ್ಟೆ ಹಾಕಿ ಕಳಿಸುವುದು ದಾನವಲ್ಲ, ಮರ್ಯಾದೆ. ತವರಿನವರು ಮಗಳಿಗೆ ಮಾಡುವಂಥದ್ದು. ಉಡಿಗೆ ಬೊಗಸೆ ಅಕ್ಕಿ ಸಾಕು. ಅದರ ಬೆನ್ನಿಗೇ ಒಂದು ಚೀಲ ಹೋದರೆ ಕೇಳುವವರು ಯಾರು?

ಆಕೆ ಕಂಪ್ಲಿಯ ಗಿರಣಿಯವರಿಗೆಲ್ಲ ಫೋನ್ ಹಚ್ಚಿದಳು. “ಮುರುಗೇಶಣ್ಣ, ಅಕ್ಕ-ತಂಗೇರಿಗೆ ಉಡಿ ತುಂಬೋದೈತ್ರಿ. ನುಚ್ಚು ಕಳಿಸಿದ್ರ ಗಾಡಿ ವಾಪಸ್ ನಿಮ್ಮ ಮನಿ ಮುಂದ ನಿಲ್ಲಸ್ತೀನಿ, ನೋಡ್ರಿ!” ಹೆದರಿಕೆಗೋ ಭಕ್ತಿಗೋ, ಒಳ್ಳೆಯ ಅಕ್ಕಿಯೇ ಬಂತು.

ಶುಕ್ರವಾರ ಗಿರಣಿಯ ಅಂಗಳ ತುಂಬಿತು. ಹೆಂಗಸರು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ನಗುತ್ತ ಬಂದರು. ಅಕ್ಕನಾಗಮ್ಮ ಹಿಗ್ಗಿ ಹೀರೇಕಾಯಿಯಾದಳು. ಗುಂಪು ಕರಗಿದ ಮೇಲೆ ನೋಡುತ್ತಾಳೆ, ವಿರುಪಮ್ಮನ ಚೀಲ ಹಾಗೇ ಕೂತಿದೆ.

“ಆಕಿ ಯಾಕ ಬರಲಿಲ್ಲ?” ಎಂದು ವಿರುಪಮ್ಮನ ಪಕ್ಕದ ಮನೆಯ ಲಲಿತಾಳನ್ನು ಕೇಳಿದಳು.

ಲಲಿತಾ ನೆಲ ನೋಡಿದಳು. “ಹೆಂಗ ಬರ್ತಾಳ್ರಿ ಅಕ್ಕಾರ? ಗಂಡ ತೀರಿಕೊಂಡಾಕಿಗೆ ಉಡಿ ತುಂಬಂಗಿಲ್ಲಲ್ರಿ.”

ಅಕ್ಕನಾಗಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾರ ಹಸಿವು ನೋಡಿ ಕೆಲಸಕ್ಕಿಳಿದಿದ್ದಳೋ ಅವಳನ್ನೇ ಬಾಗಿಲ ಹೊರಗಿಟ್ಟಿದ್ದಳು.

“ಅದಕ್ಯಾಕ ಅಷ್ಟು ಚಿಂತಿ? ಚೀಲ ಆಟೊದಾಗ ಕಳಿಸಿಬಿಡು,” ಎಂದ ಜಡೆಪ್ಪ.

“ಎಲ್ಲಾರ್ಗೂ ಉಡಿ, ಆಕಿಗೊಬ್ಬಾಕಿಗೆ ಚೀಲ ಅಂದ್ರ ಅದು ಭಿಕ್ಷೆನ ಆತಲ್ರಿ!”

ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಜೋಡಿಸಿಕೊಂಡು ಆಕೆಯೇ ಆಟೊ ಹತ್ತಿದಳು. ಚೀಲವೂ ಜೊತೆಗೆ ಬಂತು. ವಿರುಪಮ್ಮನ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಜನ ನಿಂತರು.

“ಬ್ಯಾಡ್ರಿ ಅಕ್ಕಾರ. ಮಂದಿ ಏನಂತಾರ?” ಎಂದಳು ವಿರುಪಮ್ಮ, ತಟ್ಟೆ ನೋಡಿ ಹಿಂದೆ ಸರಿಯುತ್ತ.

“ಮಂದಿಗೆ ನಾ ಉತ್ತರ ಕೊಡ್ತೀನಿ. ಗಂಡ ಹ್ವಾದ ಅಂದ್ರ ತವರೂ ಹೋಗ್ತೈತೇನು? ನಾ ನಿನ್ನ ತವರಮನಿಯಾಕಿ. ಹಿಡಿ ಸೆರಗು!”

ವಿರುಪಮ್ಮ ಒಮ್ಮೆ ಓಣಿಯ ಬಾಗಿಲುಗಳತ್ತ ಕಣ್ಣಾಡಿಸಿದಳು. ಆಮೇಲೆ ಸೆರಗೊಡ್ಡಿದಳು. ಅಕ್ಕನಾಗಮ್ಮ ಅವಳ ಕೆನ್ನೆಗೆ ಅರಿಶಿನ ಹಚ್ಚಿ, ಐದು ಬೊಗಸೆ ತುಂಬಿದಳು. ಇಬ್ಬರ ಕಣ್ಣಲ್ಲೂ ನೀರು ಬಂತು.

ಉಡಿ ತುಂಬಿಸಿಕೊಂಡವಳು ಅದರಿಂದ ನಾಲ್ಕು ಕಾಳು ತೆಗೆದು ಕೊಟ್ಟವರ ತಟ್ಟೆಗೆ ಹಾಕುವುದು ಪದ್ಧತಿ, ಆ ಮನೆಯೂ ಬರಿದಾಗಬಾರದೆಂದು. ವಿರುಪಮ್ಮ ಮುಷ್ಟಿ ತುಂಬ ತೆಗೆದು ಹಾಕಿದಳು.

“ಇಷ್ಟ್ಯಾಕವ್ವ? ಮಕ್ಕಳಿಗಿರ್ಲಿ.”

ವಿರುಪಮ್ಮ ಎದುರು ಮನೆಯ ಬಾಗಿಲ ಮರೆಯಲ್ಲಿ ನಿಂತವಳ ಕಡೆ ಕೈ ತೋರಿದಳು. “ಮರುಳಸಿದ್ದಮ್ಮಗೂ ಗಂಡ ಇಲ್ರಿ ಅಕ್ಕಾರ. ಆಕಿಗೆ ಉಡಿ ತುಂಬಾಕ ಇದರಿಂದನ ಸುರು ಮಾಡ್ರಿ.”