ಜಾರದ ಚೀಲ

ಸಿರುಗುಪ್ಪದಲ್ಲಿ ಪಿಯುಸಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಹದಿನೈದು ಡಿಗ್ರಿ ಓರೆಯಾಗಿಟ್ಟ ಹಲಗೆಯ ಮೇಲಿಂದ ಭತ್ತದ ಚೀಲ ಜಾರಿದರೆ ಕೆಳಗೆ ಬರುವಾಗ ವೇಗವೆಷ್ಟು ಎಂದು ಪರೀಕ್ಷೆಯಲ್ಲಿ ಕೇಳಿದ್ದೆ. ಮೂವರು ಹುಡುಗಿಯರು ಒಂದೇ ಉತ್ತರ ಬರೆದಿದ್ದರು: ‘ಚೀಲ ಜಾರುವುದಿಲ್ಲ.’ ಕಾಪಿಯೇ ಎಂದು ಮೂವರನ್ನೂ ನಿಲ್ಲಿಸಿ ಗದರಿದೆ.

“ಕಾಪಿ ಅಲ್ಲ ಸರ್,” ಅಂದಳು ಒಬ್ಬಳು. “ನಮ್ಮ ಮೂವರ ಅಪ್ಪಂದಿರೂ ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡ್ತಾರ. ಅಷ್ಟು ಇಳಿಜಾರಿಗೆ ಗೋಣಿಚೀಲ ಜಾರಂಗಿಲ್ರಿ, ದಬ್ಬಬೇಕು.”

ನಾನು ನಂಬಲಿಲ್ಲ. ಸಂಜೆ ಮಿಲ್ಲಿಗೇ ಹೋಗಿ, ಕೋನ ಅಳೆದು ಹಲಗೆ ಇಡಿಸಿ, ಮೇಲೆ ಚೀಲ ಇಡಿಸಿದೆ. ಅದು ಅಲುಗಲಿಲ್ಲ. ಘರ್ಷಣೆ ಇಲ್ಲವೆಂದುಕೊಳ್ಳಿ ಎಂದು ಪ್ರಶ್ನೆಯಲ್ಲಿ ಬರೆಯಲು ನಾನೇ ಮರೆತಿದ್ದೆ.

ಆ ಹುಡುಗಿಯ ಅಪ್ಪ ಬೆವರು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ. “ಇಷ್ಟೂ ಗೊತ್ತಿಲ್ಲಲ್ರಿ. ಖರೇನ ನೀವು ಮಾಸ್ತರೇನ್ರಿ?”

ಐಡಿ ಕಾರ್ಡ್ ತೋರಿಸಿದೆ. ಮಗಳ ಉತ್ತರಪತ್ರಿಕೆಯನ್ನು ನಾನು ನೋಡಿದ ಹಾಗೆಯೇ, ಅವನು ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.