ಅಕ್ಷತೆ ಹಿಡಿದು ಸಿನಿಮಾಕ್ಕೆ ಹೋದ ವಿಷಯ

ಇದು ನನ್ನ ಮೊದಲ ಬರಹ. ಬಬಲೇಶ್ವರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಟಪಾಲು ಬರೆದ ಕೈಗೆ ಬೇರೆ ರೀತಿ ತಿಳಿಯದಿರುವುದರಿಂದ, ನಡೆದ ಸಂಗತಿಯನ್ನು ನಡೆದ ಕ್ರಮದಲ್ಲಿಯೇ ನಿವೇದಿಸುತ್ತೇನೆ.

ಟಿಕೋಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ವರ್ಷ ಶ್ರಾವಣದ ಸಂಜೆಗಳಲ್ಲಿ ಹಳೆಯ ಕಾವ್ಯವೊಂದನ್ನು ಓದಲಾಗುತ್ತದೆ. ಮಾವನವರ ಕಣ್ಣು ಮಂಜಾದ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಕೇಳುವವರು ನಮ್ಮ ಅತ್ತೆಯವರು ಹಾಗೂ ಓಣಿಯ ಏಳೆಂಟು ಹೆಣ್ಣುಮಕ್ಕಳು. ನಾಯಕನ ಮದುವೆಯ ಅಧ್ಯಾಯದಂದು ಎಲ್ಲರೂ ಅಕ್ಷತೆ ತಂದು, ತಾಳಿ ಕಟ್ಟುವ ಪದ್ಯಕ್ಕೆ ಸರಿಯಾಗಿ ಪುಸ್ತಕದ ಮೇಲೆ ಹಾಕುವುದು ರೂಢಿ.

ಕಳೆದ ವರ್ಷ ಶ್ರಾವಣಕ್ಕೆ ಮೊದಲು, ಅದೇ ಕಾವ್ಯದ ಚಲನಚಿತ್ರ ವಿಜಯಪುರಕ್ಕೆ ಬಂದಿತು.

"ಈ ಸಲ ಓದೂದು ಬ್ಯಾಡ ಬಿಡ್ರಿ. ತಿಂಗಳದ್ದು ಮೂರು ತಾಸಿನ್ಯಾಗ ಮುಗೀತೈತಂತ" ಎಂದರು ಪಕ್ಕದ ಮನೆಯ ಕಾಕು. ಉಳಿದವರೂ ತಲೆಯಾಡಿಸಿದರು. ಇಡೀ ವರ್ಷದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ಒಂದು ತಿಂಗಳೇ ಎಂದು ಹೇಳಲು ಧೈರ್ಯ ಸಾಲಲಿಲ್ಲ. ಚಿತ್ರ ಚೆನ್ನಾಗಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆನೆಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ರವಿವಾರ ಮಧ್ಯಾಹ್ನದ ಆಟಕ್ಕೆ ಎಲ್ಲರೂ ಬಸ್ಸಿನಲ್ಲಿ ಹೋದೆವು. ಚಿತ್ರ ಚೆನ್ನಾಗಿಯೇ ಇತ್ತು. ತಾಯಿ ಮಗನನ್ನು ಯುದ್ಧಕ್ಕೆ ಕಳುಹಿಸುವುದು ಕಾವ್ಯದಲ್ಲಿ ಎರಡೇ ಸಾಲು. ನಾನು ಅದನ್ನು ಒಂದೇ ಉಸಿರಿಗೆ ಓದಿ ಮುಂದೆ ಹೋಗುತ್ತಿದ್ದೆ. ತೆರೆಯ ಮೇಲೆ ಆ ತಾಯಿ ಮಾತಿಲ್ಲದೆ ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತಳು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಇನ್ನು ನನ್ನ ಓದು ಮುಗಿದಂತೆಯೇ ಎಂದು ಭಾವಿಸಿದೆ.

ಮಗ ಗೆದ್ದು ಬಂದ ಮೇಲೆ ಮದುವೆ. ಪಕ್ಕದಲ್ಲಿ ಗಂಟು ಬಿಚ್ಚುವ ಸಪ್ಪಳವಾಯಿತು. ನೋಡಿದರೆ, ನಮ್ಮ ಸಾಲಿನವರೆಲ್ಲರ ಮುಷ್ಟಿಯಲ್ಲೂ ಅಕ್ಷತೆ! ತೆರೆಯ ಮೇಲೆ ಹಾರ ಬದಲಾಯಿತು, ಹಾಡು ಆರಂಭವಾಯಿತು. ಹಾಡು ಮುಗಿಯುವಷ್ಟರಲ್ಲಿ ತೊಟ್ಟಿಲಲ್ಲಿ ಕೂಸು.

"ಯವ್ವಾ! ತಾಳಿ ಯಾವಾಗ ಕಟ್ಟಿದಾ?" ಎಂದು ಕಾಕು ಕೂಗಿದರು.

"ನಿದ್ದಿ ಹತ್ತಿತ್ತೇನ ನಿನಗ?" ಎಂದರು ಅತ್ತೆಯವರು.

"ಇಲ್ಲ ಬೇ, ಕಣ್ಣು ತೆರದ ಕುಂತೀನಿ! ಕೈ ಎತ್ತೂದ್ರಾಗ ಕೂಸು ಬಂತು!"

ಹಿಂದಿನ ಸಾಲಿನಿಂದ ಯಾರೋ, "ಅವ್ವಾರ, ಮದುಮಕ್ಕಳಿಗೆ ಕೊಡಾಕ ಆಹೇರನೂ ತಂದೀರೇನ್ರಿ?" ಎಂದರು. ಸುತ್ತಲಿನವರೆಲ್ಲ ನಕ್ಕರು.

ಹೊರಗೆ ಬಂದ ಮೇಲೆ ಕಾಕು ಮುಷ್ಟಿ ಬಿಚ್ಚಿ ತೋರಿಸಿದರು; ಬೆವರಿಗೆ ಅಂಗೈಯೆಲ್ಲ ಅರಿಶಿನವಾಗಿತ್ತು. "ಇದನ್ನ ಏನ್ ಮಾಡೂದ್ರಿ ಈಗ? ಚೆಲ್ಲಾಕ ಬರೂದಿಲ್ಲ."

"ಗಂಟು ಕಟ್ಟಿ ಇಟ್ಕೋ. ಶ್ರಾವಣದಾಗ ನಮ್ಮ ಸೊಸಿ ಮುಂದ ನಿಂತು ಮದುವಿ ಮಾಡಸ್ತಾಳ" ಎಂದ ಅತ್ತೆಯವರು ನನ್ನ ಕಡೆ ತಿರುಗಿದರು. "ಆದ್ರ ಆ ತಾಯಿದು ಬಂದಾಗ ಓಡಬ್ಯಾಡವಾ. ಆಕಿ ನಿಂತಂಗ ನೀನೂ ಒಂದೀಟು ನಿಲ್ಲು."

ಅದರಂತೆಯೇ ಶ್ರಾವಣದಲ್ಲಿ ಆ ಎರಡು ಸಾಲುಗಳನ್ನು ನಿಧಾನವಾಗಿ ಓದಿ, ನಿಂತೆ. ಅತ್ತೆಯವರ ಸೆರಗು ಕಣ್ಣಿಗೆ ಹೋಯಿತು. ಮದುವೆಯ ದಿನ ಸಿನಿಮಾ ನೋಡಿ ಬಂದ ಅಕ್ಷತೆ ಅರ್ಧ ಪುಸ್ತಕದ ಮೇಲೆ, ಅರ್ಧ ನನ್ನ ತಲೆಯ ಮೇಲೆ ಬಿದ್ದಿತು.

ಕಾಕು ಕೈ ಝಾಡಿಸಿಕೊಂಡು, "ಹಾಂ, ಈಗ ಹುಟ್ಟಲಿ ಕೂಸು" ಎಂದರು.